ಎರಡನೇ ರಾತ್ರಿಯ ಬಿಳಿ

ಪುಷ್ಪಮ್ಮನ ಬೆರಳಚ್ಚು ಯಾವ ಯಂತ್ರಕ್ಕೂ ಸಿಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಅವಳ ಸರದಿ ಬಂತೆಂದರೆ ಹಿಂದೆ ನಿಂತವರು ಉಸ್ಸೆಂದು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಇಪ್ಪತ್ತನಾಲ್ಕು ವರ್ಷ ಗೋಡೆಗಳಿಗೆ ಉಪ್ಪುಕಾಗದ ಉಜ್ಜಿ ಹತ್ತು ಬೆರಳುಗಳ ಗೆರೆಯೂ ಸವೆದುಹೋಗಿದೆ. ಹಳೆಯ ಬಣ್ಣ ಕೆರೆಯುವುದು, ಪುಟ್ಟಿ ಮೆತ್ತುವುದು, ಒಣಗಿದ ಮೇಲೆ ನುಣ್ಣಗೆ ಉಜ್ಜುವುದು ಅವಳ ಕೆಲಸ. ಬಣ್ಣ ಹಚ್ಚುವುದು ಅವಳ ಗಂಡ ಉಮಾಮಹೇಶ್ವರನ ಕೆಲಸವಾಗಿತ್ತು. ಮನೆಯವರು ಬಂದು ಹೊಗಳುತ್ತಿದ್ದದ್ದು ಬಣ್ಣವನ್ನು. ಅದರ ಕೆಳಗಿನ ಗೋಡೆಯ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ.

ಅವಳು ಹುಟ್ಟಿದ್ದು ಮಾಚೇನಹಳ್ಳಿಯ ಹತ್ತಿರ. ಅಪ್ಪ ಅಲ್ಲಿನ ಒಂದು ಫೌಂಡ್ರಿಯಲ್ಲಿ ಕಾವಲುಗಾರ. ಹತ್ತೊಂಬತ್ತಕ್ಕೆ ಮದುವೆಯಾಗಿ ಭದ್ರಾವತಿಯ ಹಳೇನಗರಕ್ಕೆ ಬಂದಳು. ಆಗ ಉಮಾಮಹೇಶ್ವರನಿಗೆ ಕಾಗದದ ಕಾರ್ಖಾನೆಯ ಕ್ವಾರ್ಟರ್ಸುಗಳಿಗೆ ಸುಣ್ಣಬಣ್ಣ ಮಾಡುವ ಕೆಲಸ ವರ್ಷವಿಡೀ ಇರುತ್ತಿತ್ತು. ಕಾರ್ಖಾನೆ ನಿಂತ ಮೇಲೆ ಆ ಮನೆಗಳಿಗೆ ಬಣ್ಣ ಬೇಕೆನ್ನುವವರೇ ಇಲ್ಲವಾದರು. ಗಂಡ ಹೆಂಡತಿ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗತೊಡಗಿದರು. ಮಕ್ಕಳಾಗಲಿಲ್ಲ. ಅದಕ್ಕೆ ಎರಡು ಕಡೆಯವರೂ ಅವಳನ್ನೇ ಅಂದರು. ಅವನು ಒಂದು ದಿನವೂ ಅನ್ನಲಿಲ್ಲ.

ಹಡಗಿನ ಮಾತು ಬಂದದ್ದು ಪೇಂಟಿನ ಡಬ್ಬಿಯೊಳಗಿಂದ. ಕಂಪನಿಯವರು ಪ್ರತಿ ಡಬ್ಬಿಯ ಮುಚ್ಚಳದಡಿ ಒಂದು ಟೋಕನ್ ಇಟ್ಟಿರುತ್ತಾರೆ. ಮೇಸ್ತ್ರಿ ಅದನ್ನು ಅಂಗಡಿಯಲ್ಲಿ ಕೊಟ್ಟರೆ ಅವನ ಹೆಸರಿಗೆ ಪಾಯಿಂಟ್ ಸೇರುತ್ತದೆ. ಬೇರೆ ಮೇಸ್ತ್ರಿಗಳು ಅದರಲ್ಲಿ ಮಿಕ್ಸಿ, ಮೊಬೈಲು ತೆಗೆದುಕೊಂಡರು. ಉಮಾಮಹೇಶ್ವರ ಮೂರು ವರ್ಷ ಏನನ್ನೂ ಮುಟ್ಟದೆ ಹಾಗೇ ಬಿಟ್ಟ. ಹೋದ ಜೂನಿನಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯ ಪೇಂಟ್ ಅಂಗಡಿಯ ಜಮ್ಶೀದ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಚಹಾ ತರಿಸಿದ.

“ಉಮಣ್ಣ, ನಿಮಗೆ ಹಡಗು ಬಂತು. ಮುಂಬೈಯಲ್ಲಿ ಹತ್ತೋದು, ಗೋವಾ ಕಡೆ ಹೋಗಿ ವಾಪಸ್. ಮೂರು ರಾತ್ರಿ. ಜೋಡಿಗೆ.”

“ಜೋಡಿ ಅಂದ್ರೆ ಹೆಂಡ್ತೀನೇ ಕರ್ಕೊಂಡು ಹೋಗ್ಬೇಕಾ?” ಎಂದು ಉಮಾಮಹೇಶ್ವರ ಬಹಳ ಗಂಭೀರವಾಗಿ ಕೇಳಿದ.

“ಬೇರೆ ಯಾರು ಬರ್ತಾರೆ ನಿಮ್ಮ ಜೊತೆ, ಹೇಳಿ ನೋಡೋಣ” ಎಂದಳು ಪುಷ್ಪಮ್ಮ.

ಜಮ್ಶೀದ್ ಅಂಗಡಿಯವರ ಲೆಕ್ಕದಲ್ಲಿ ಹಿಂದೊಮ್ಮೆ ಇಂಥ ಪ್ರವಾಸಕ್ಕೆ ಹೋಗಿ ಬಂದಿದ್ದ. ಅಲ್ಲಿನ ರೀತಿನೀತಿ ಹೇಳಿದ. “ಸುಮ್ನೆ ಅಲ್ಲ ಅದು. ಸಂಜೆ ಊಟದ ಹಾಲ್‌ಗೆ ಲುಂಗಿ ನಡೆಯಲ್ಲ, ಚಡ್ಡಿ ನಡೆಯಲ್ಲ, ಹವಾಯಿ ಚಪ್ಪಲಿ ನಡೆಯಲ್ಲ. ಬಾಗಿಲಲ್ಲೇ ನಿಲ್ಲಿಸ್ತಾರೆ.”

“ನಮ್ಮಲ್ಲಿ ಊಟಕ್ಕೆ ಹೋದ್ರೆ ಚಪ್ಪಲಿ ಬಿಟ್ಟು ಬನ್ನಿ ಅಂತಾರೆ. ಅಲ್ಲಿ ಬೂಟು ಹಾಕ್ಕೊಂಡ್ರೇನೇ ಅನ್ನ. ಆಗ್ಲಿ, ಒಂದು ಜೊತೆ ತಗೊಂಡ್ರಾಯ್ತು” ಎಂದ ಉಮಾಮಹೇಶ್ವರ.

“ಈಗ ರೂಮು ಹೇಳಿ. ಮೂರು ಥರ ಇದೆ. ಒಳಗಿನ ರೂಮು, ಅದಕ್ಕೆ ಕಿಟಕಿ ಇರಲ್ಲ. ಗಾಜಿನ ಕಿಟಕಿ ರೂಮು. ಅದು ಬಿಟ್ರೆ ಬಾಲ್ಕನಿ ರೂಮು, ಬಾಗಿಲು ತೆಗೆದ್ರೆ ಸಮುದ್ರ. ನಿಮ್ಮ ಪಾಯಿಂಟಿಗೆ ಒಳಗಿನ ರೂಮು ಸಿಗುತ್ತೆ.”

“ಅದನ್ನೇ ಹಾಕಿ.”

ಪುಷ್ಪಮ್ಮ ನಕ್ಕಳು. “ಕಿಟಕಿ ಇಲ್ಲದ ರೂಮಲ್ಲಿ ಮಲಗೋಕೆ ಹಡಗು ಯಾಕ್ರೀ? ನಮ್ಮ ಅಡುಗೆಮನೆ ಸಾಲ್ದಾ?”

ತಮಾಷೆಗೆ ಆಡಿದ ಮಾತು. ಅಂಗಡಿಯಲ್ಲಿದ್ದವರೂ ನಕ್ಕರು. ಉಮಾಮಹೇಶ್ವರನೂ ನಕ್ಕ. ಆದರೆ ಚಹಾದ ಲೋಟ ಕೆಳಗಿಟ್ಟ ಮೇಲೆ, “ಬಾಲ್ಕನಿಗೆ ಇನ್ನೆಷ್ಟು ಬೇಕು?” ಎಂದು ಕೇಳಿದ. ಆಗಸ್ಟ್ ಮುಗಿಯುವುದರೊಳಗೆ ಇನ್ನು ಅರವತ್ತು ಡಬ್ಬಿಯ ಟೋಕನ್ ಬೇಕು ಎಂದ ಜಮ್ಶೀದ್. ಬುಕಿಂಗ್ ಕಾಗದದಲ್ಲಿ ಬಾಲ್ಕನಿ ಎಂದೇ ಬರೆಯಿರಿ ಎಂದು ಉಮಾಮಹೇಶ್ವರ ಹೇಳಿದ.

ಮಳೆಗಾಲದಲ್ಲಿ ಹೊರಗೋಡೆಯ ಕೆಲಸವನ್ನು ಅವನು ಎಂದೂ ಹಿಡಿದವನಲ್ಲ. ಆ ವರ್ಷ ಹಿಡಿದ. ಸವಳಂಗ ರಸ್ತೆಯಲ್ಲೇ ಮೂರು ಮಹಡಿಯ ಹೊಸ ಕಟ್ಟಡ, ಅರವತ್ತಕ್ಕಿಂತ ಹೆಚ್ಚೇ ಡಬ್ಬಿ ತಿನ್ನುವ ಗೋಡೆ. ಮಳೆ ಬಿಟ್ಟಾಗ ಹಚ್ಚುವುದು, ಬಂದಾಗ ಇಳಿಯುವುದು. ಆಗಸ್ಟ್ ಎರಡನೇ ವಾರ ಒಂದು ಮಧ್ಯಾಹ್ನ ಬಿಸಿಲು ಬಂತೆಂದು ಮೂರನೇ ಮಹಡಿಯ ಸಾರುವೆ ಹತ್ತಿದ. ಬೊಂಬು ಒಳಗೊಳಗೇ ಒದ್ದೆಯಾಗಿತ್ತು. ಪುಷ್ಪಮ್ಮ ಕೆಳಗೆ ನಿಂತು ಹಿತ್ತಲ ಗೋಡೆ ಉಜ್ಜುತ್ತಿದ್ದಳು. ಮೊದಲು ಬಣ್ಣದ ಡಬ್ಬಿ ಬಿದ್ದ ಸದ್ದು ಕೇಳಿತು. ಡಬ್ಬಿ ತಾನೇ ಎಂದು ಅವಳು ತಿರುಗಿಯೂ ನೋಡಲಿಲ್ಲ.

ಅವನು ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಮಾತು ಬರಲಿಲ್ಲ.

ಉಳಿದ ಗೋಡೆಯನ್ನು ಅವನ ಕೈಕೆಳಗೆ ಕೆಲಸ ಕಲಿತ ಶಿವಕುಮಾರ್ ಮುಗಿಸಿದ. ಮೇಸ್ತ್ರಿಯ ಹೆಸರಿಗೇ ಸೇರಲಿ ಎಂದು ಎಲ್ಲ ಟೋಕನ್‌ಗಳನ್ನೂ ತಂದು ಜಮ್ಶೀದನಿಗೆ ಕೊಟ್ಟ. ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಬಾಲ್ಕನಿ ರೂಮು ಖಾತ್ರಿಯಾಯಿತು.

ಉಮಾಮಹೇಶ್ವರ ತೀರಿಕೊಂಡ ಹನ್ನೊಂದನೇ ದಿನ ಅವನ ಅಕ್ಕ ದ್ಯಾಮಮ್ಮ ಒಂದು ಬಿಳಿ ಸೀರೆ ತಂದಿದ್ದಳು. ಅಂಚಿಲ್ಲದ್ದು. ದ್ಯಾಮಮ್ಮನ ಗಂಡ ಸತ್ತಾಗ ಅವಳಿಗೆ ಇಪ್ಪತ್ತೆಂಟು. ಅಂದಿನಿಂದ ಮೂವತ್ತನಾಲ್ಕು ವರ್ಷ ಅವಳು ಬೇರೆ ಬಣ್ಣ ಉಟ್ಟಿಲ್ಲ. ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಸೀರೆಯನ್ನು ಮುಂದೆ ಹಿಡಿದಳು.

“ನಂಗೆ ಬೇಡ ಅತ್ತಿಗೆ” ಎಂದಳು ಪುಷ್ಪಮ್ಮ.

“ನನಗೂ ಬೇಡ ಇತ್ತು. ಕೇಳ್ದೋರು ಯಾರು?”

“ಅವರು ಜೀವ ಇರೋವರೆಗೂ ಬಣ್ಣ ಹಚ್ಚಿದೋರು. ನಾನು ಉಡಲ್ಲ.”

ಯಾರೂ ಜಗಳಕ್ಕೆ ನಿಲ್ಲಲಿಲ್ಲ. ನಿಂತಿದ್ದರೆ ಸುಲಭವಾಗುತ್ತಿತ್ತೇನೋ. ಸುಮ್ಮನೆ ಎದ್ದು ಹೋದರು. ಮೂರನೇ ತಿಂಗಳಿಗೆ ಪುಷ್ಪಮ್ಮ ಹಸಿರು ವಾಯಿಲ್ ಸೀರೆ ಉಟ್ಟು ಕೆಲಸಕ್ಕೆ ಹೊರಟಾಗ ಬಸ್ ಸ್ಟಾಪಿನಲ್ಲಿ ಗುರುತಿನವರು ಮುಖ ತಿರುಗಿಸಿದರು. ಅವಳು ದಿನಾ ಅದೇ ಬಸ್ಸಿಗೆ, ಅದೇ ಜಾಗದಲ್ಲಿ ನಿಂತಳು. ಕೆಲವು ವಾರಗಳಲ್ಲಿ ತಿರುಗಿಸಿದ ಮುಖಗಳು ಒಂದೊಂದಾಗಿ ನೆಟ್ಟಗಾದವು. ಬಣ್ಣದ ಸೀರೆ ಉಡುವುದಕ್ಕೆ ಅವಳು ಅಷ್ಟು ಪಾಡುಪಟ್ಟಿದ್ದಳು.

ಹಡಗಿನ ವಿಷಯವನ್ನು ಜಮ್ಶೀದನೇ ಮತ್ತೆ ತೆಗೆದ. ಹೆಸರು ಬದಲಾಯಿಸಿಕೊಳ್ಳಲು ಕಂಪನಿ ಒಪ್ಪಿದೆ, ನೀವು ಯಾರನ್ನಾದರೂ ಕರೆದುಕೊಂಡು ಹೋಗಬಹುದು ಎಂದ. ಪುಷ್ಪಮ್ಮ ಪಕ್ಕದ ಮನೆಯ ಫಿರೋಜಾಳನ್ನು ಕೇಳಿದಳು. ಫಿರೋಜಾ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುವವಳು. ಲಾರಿ ಓಡಿಸುತ್ತಿದ್ದ ಅವಳ ಗಂಡ ಗುಲಾಮ್ ಮೊಹಿದ್ದೀನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಉಮಾಮಹೇಶ್ವರ ಆಸ್ಪತ್ರೆಯಲ್ಲಿದ್ದ ಮೂರು ದಿನವೂ ಪುಷ್ಪಮ್ಮನಿಗೆ ಊಟ ಹೊತ್ತವಳು ಅವಳೇ.

“ನನಗಾ? ಹಡಗಾ?” ಎಂದಳು ಫಿರೋಜಾ. “ಬಸ್ಸು ಹೊಳೆ ಸೇತುವೆ ದಾಟುವಾಗ್ಲೇ ನಾನು ಕಣ್ಣು ಮುಚ್ಕೊಳ್ತೀನಿ ಮಾರಾಯ್ತಿ.”

“ನಂಗೇನು ಹಡಗಲ್ಲಿ ಕುಣೀಬೇಕಾ ಫಿರೋಜಾಕ್ಕ? ಆ ಬಾಗಿಲು ತೆಗೆದು ಒಂದು ಸಲ ನಿಂತ್ಕೋಬೇಕು. ಅವರು ಬಿದ್ದಿದ್ದು ಯಾವುದಕ್ಕೆ ಅಂತ ನೋಡ್ಬೇಕು. ಅಷ್ಟೇ. ಒಬ್ಬಳೇ ನಿಲ್ಲೋಕೆ ಧೈರ್ಯ ಇಲ್ಲ.”

ಫಿರೋಜಾ ಮತ್ತೆ ಬೇಡ ಎನ್ನಲಿಲ್ಲ. ಎರಡು ದಿನ ಬಿಟ್ಟು ತನಗಾಗಿ ಒಂದು ನೀಲಿ ಕುರ್ತಾದ ಬಟ್ಟೆ ಕತ್ತರಿಸಿದಳು. ಒಂಬತ್ತು ವರ್ಷದಲ್ಲಿ ಅವಳು ತನಗೆಂದು ಹೊಲಿದದ್ದು ಅದೇ ಮೊದಲು.

ಡಿಸೆಂಬರಿನಲ್ಲಿ, ಶಿವಮೊಗ್ಗದ ಒಂದು ಮನೆಯ ಕಾಂಪೌಂಡಿಗೆ ಪುಟ್ಟಿ ಮೆತ್ತುತ್ತಿದ್ದಾಗ ಪುಷ್ಪಮ್ಮನಿಗೆ ಫೋನು ಬಂತು. ಬೆಂಗಳೂರಿನಿಂದ, ಪ್ರವಾಸದ ಬುಕಿಂಗ್ ನೋಡಿಕೊಳ್ಳುವ ಹುಡುಗಿ. ಪುಷ್ಪಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಕಿವಿಗೆ ಹಿಡಿದಳು.

“ಮೇಡಂ, ಲಿಸ್ಟಲ್ಲಿ ನಿಮ್ಮ ಹಸ್ಬೆಂಡ್ ಹೆಸರು ತೆಗೆದಿದೆ. ಯಾಕೆ ಅಂತ ಕೇಳಬಹುದಾ?”

“ತೀರ್ಕೊಂಡ್ರು.”

“ಓ. ಸಾರಿ ಮೇಡಂ.” ಅತ್ತ ಕಡೆ ಏನನ್ನೋ ಟೈಪ್ ಮಾಡುವ ಸದ್ದು. “ನಿಮ್ಮ ಜೊತೆ ಫಿರೋಜಾ ಅಂತ ಇದ್ದಾರೆ. ಅವರಿಗೆ ಮದುವೆ ಆಗಿದ್ಯಾ?”

“ಅವರ ಯಜಮಾನ್ರೂ ಇಲ್ಲ.”

“ಸರಿ ಮೇಡಂ. ಹಾಗಾದ್ರೆ ಬರೀ ಲೇಡೀಸ್. ಡ್ರೆಸ್ಸಿನ ವಿಷಯ ನೋಟ್ ಮಾಡ್ಕೊಳ್ಳಿ. ಎರಡನೇ ರಾತ್ರಿ ನೀವಿಬ್ರೂ ಬಿಳಿ ಹಾಕ್ಕೋಬೇಕು. ಸೀರೆ ಆದ್ರೂ ನಡೆಯುತ್ತೆ, ಆದ್ರೆ ಪೂರ್ತಿ ಬಿಳಿ ಇರ್ಬೇಕು. ಬೇರೆ ಕಲರ್ ಇದ್ರೆ ಹಾಲ್ ಒಳಗೆ ಬಿಡಲ್ಲ. ಕಂಪಲ್ಸರಿ ಮೇಡಂ. ವಾಟ್ಸಾಪಲ್ಲಿ ಎಲ್ಲಾ ಕಳಿಸ್ತೀನಿ.”

ಯಾಕೆ ಎಂದು ಕೇಳಲು ಪುಷ್ಪಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ಥ್ಯಾಂಕ್ಯೂ ಎಂದು ಇಟ್ಟುಬಿಟ್ಟಳು. ಪುಷ್ಪಮ್ಮನದು ಗುಂಡಿ ಒತ್ತುವ ಫೋನು. ಅದರಲ್ಲಿ ವಾಟ್ಸಾಪ್ ಇಲ್ಲ.

ಅವಳು ಮತ್ತೆ ಗೋಡೆಗೆ ತಿರುಗಿದಳು. ಗಂಡ ಇಲ್ಲ ಎಂದ ಕೂಡಲೇ ಬಿಳಿ. ಫಿರೋಜಾಳಿಗೂ ಇಲ್ಲ ಎಂದ ಕೂಡಲೇ ಇಬ್ಬರಿಗೂ ಬಿಳಿ. ಅಷ್ಟು ದೊಡ್ಡ ಹಡಗಿನಲ್ಲಿ, ಬೂಟು ಹಾಕಿ ಊಟ ಮಾಡುವ ಜನರ ನಡುವೆ, ಇವರಿಬ್ಬರು ವಿಧವೆಯರು ಎಂದು ದೂರದಿಂದಲೇ ಗೊತ್ತಾಗಬೇಕು. ಇಲ್ಲವಾದರೆ ಊಟಕ್ಕೆ ಬಿಡುವುದಿಲ್ಲ. ಹಳೇನಗರದ ನೆಂಟರು ಮಾಡಿದ್ದನ್ನೇ ಬೆಂಗಳೂರಿನವರು ಮಾಡುತ್ತಿದ್ದಾರೆ, ಮೇಡಂ ಎಂದು ಕರೆದು ಮಾಡುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಹಾಗೆಂದು ಅವಳು ತಿಳಿದಳು. ಆ ದಿನ ಮೆತ್ತಿದ ಪುಟ್ಟಿ ದಪ್ಪವಾಗಿ, ಮರುದಿನ ಎಲ್ಲವನ್ನೂ ಕೆರೆದು ತೆಗೆಯಬೇಕಾಯಿತು.

ಸಂಜೆ ಫಿರೋಜಾಳ ಮನೆಗೆ ಹೋಗಿ ಹೇಳಿದಳು. ಫಿರೋಜಾ ಮಿಷನ್ ನಿಲ್ಲಿಸಿ ಕೇಳಿದಳು.

“ನಂದು ಕರಿ ಬುರ್ಖಾ. ಅದಕ್ಕೆ ಸುಣ್ಣ ಹೊಡ್ಕೊಂಡು ಹೋಗ್ಲಾ? ನಿನ್ನ ಹತ್ರ ಬ್ರಷ್ ಹೇಗೂ ಇದೆ.”

ಪುಷ್ಪಮ್ಮ ನಗಲಿಲ್ಲ. ಫಿರೋಜಾಳೂ ನಗು ಬಿಟ್ಟಳು.

“ನೋಡು ಪುಷ್ಪ, ನನಗೆ ಬಿಳಿ ಅಂದ್ರೆ ಅಂಥದ್ದೇನಿಲ್ಲ. ನಮ್ಮಲ್ಲಿ ಗಂಡ ಹೋದಾಗ ನಾಲ್ಕು ತಿಂಗಳು ಹತ್ತು ದಿನ ಮನೇಲಿದ್ದೆ, ಆಮೇಲೆ ಯಾರೂ ಬಣ್ಣ ಕೇಳ್ಲಿಲ್ಲ. ನಿನ್ನ ಸಂಕಟ ನನಗೆ ಗೊತ್ತು. ಆದ್ರೂ ಯಾಕೆ ಹಾಗಂದ್ರು ಅಂತ ಜಮ್ಶೀದ್ ಭಾಯಿನ ಒಂದು ಮಾತು ಕೇಳು.”

“ಏನಂತ ಕೇಳ್ಲಿ? ನಾನು ಗಂಡ ಸತ್ತೋಳು, ಯಾವ ಬಣ್ಣ ಉಟ್ಕೊಳ್ಲಿ ಅಂತ ಗಂಡಸರ ಹತ್ರ ಹೋಗಿ ಕೇಳ್ಲಾ? ನಮ್ಮ ಜನಕ್ಕೆಲ್ಲ ಬೇಡ ಅಂದೋಳು ಕಂಪನಿಯೋರು ಅಂದ್ರು ಅಂತ ಉಟ್ಕೊಂಡ್ರೆ, ಅತ್ತಿಗೆ ಮುಂದೆ ನಾನು ಹೇಗೆ ನಿಲ್ಲಲಿ?”

“ನಾನು ಕೇಳ್ಲಾ?”

“ನೀನು ಕೇಳಿದ್ರೆ ನಾನು ನಿನ್ನ ಹತ್ರ ಮಾತಾಡಲ್ಲ.”

ಫಿರೋಜಾ ಸೂಜಿಗೆ ದಾರ ಪೋಣಿಸಿದಳು. “ಟಿಕೆಟ್ಟು ನಿಂದು. ನಿನ್ನಿಷ್ಟ” ಎಂದಳು.

ಮರುದಿನ ಪುಷ್ಪಮ್ಮ ಕೆಲಸದ ಮಧ್ಯೆ ಜಮ್ಶೀದನ ಅಂಗಡಿಗೆ ಹೋದಳು. ಆಗಲೂ ಅವಳ ಮನಸ್ಸು ಪೂರ್ತಿ ಗಟ್ಟಿಯಾಗಿರಲಿಲ್ಲ. ಬಾಗಿಲು ತೆಗೆದು ನಿಲ್ಲುವ ಆಸೆ ಒಂದು ಕಡೆ ಎಳೆಯುತ್ತಿತ್ತು. ಇದು ನಮಗಿಬ್ಬರಿಗೆ ಮಾತ್ರ ಯಾಕೆ ಎಂದು ಹೇಗಾದರೂ ಕೇಳಿಬಿಡೋಣ ಎಂದೂ ಒಮ್ಮೆ ಅನ್ನಿಸಿತು. ಕೌಂಟರಿನ ಮುಂದೆ ನಿಂತು, “ನಾನು ಹಡಗಿಗೆ ಹೋಗ್ಬೇಕೋ ಬೇಡ್ವೋ ಅಂತ…” ಎಂದು ಶುರುಮಾಡಿದಳು.

ಜಮ್ಶೀದ್ ಒಬ್ಬ ಗಿರಾಕಿಗೆ ಬಣ್ಣದ ಕಾರ್ಡು ತೋರಿಸುತ್ತಿದ್ದ. ಅಲ್ಲಿಂದಲೇ ಹೇಳಿದ. “ಡ್ರೆಸ್ಸಿನ ವಿಷಯಕ್ಕಾ ಅಕ್ಕ? ಬೆಂಗಳೂರಿನ ಹುಡುಗಿ ಫೋನ್ ಮಾಡಿದ್ಲಂತಲ್ಲ. ಬಿಳಿ ಸೀರೆ ತಾನೇ? ಒಂದು ರಾತ್ರಿ ಉಟ್ಕೊಂಡ್ರೆ ಏನಾಗಿಬಿಡುತ್ತೆ? ಹೋದ ಕಡೆ ಅವರ ರೂಲು ಕೇಳ್ಬೇಕಲ್ವಾ.”

ಇಪ್ಪತ್ತು ವರ್ಷದಿಂದ ಅಕ್ಕ ಎಂದು ಕರೆದವನು. ಉಮಾಮಹೇಶ್ವರನ ಹೆಣಕ್ಕೆ ಹೆಗಲು ಕೊಟ್ಟವನು. ಅವನ ಬಾಯಲ್ಲೂ ಅದೇ ಬಂತು. ಪುಷ್ಪಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು.

“ಅದಕ್ಕಲ್ಲ. ನಂಗೆ ನೀರಂದ್ರೆ ಹೆದರಿಕೆ. ನಾನು ಹೋಗಲ್ಲ” ಎಂದಳು.

ಜಮ್ಶೀದ್ ಕಾರ್ಡು ಕೆಳಗಿಟ್ಟ. “ಅಕ್ಕ, ಅಣ್ಣ ಆ ಬಾಲ್ಕನಿಗೋಸ್ಕರ…” ಎಂದು ನಿಲ್ಲಿಸಿದ.

“ಗೊತ್ತು. ಬೇರೆ ಯಾರಿಗಾದ್ರೂ ಕೊಡಿ.”

ಅಂಗಡಿಯ ಪಾಯಿಂಟ್ ಪಟ್ಟಿಯಲ್ಲಿ ಮುಂದಿನ ಹೆಸರು ಶಿವಕುಮಾರನದ್ದೇ ಇತ್ತು. ಡಿಸೆಂಬರ್ ಇಪ್ಪತ್ತು ಹೆಸರು ಬದಲಾಯಿಸಲು ಕೊನೆಯ ದಿನ. ಜಮ್ಶೀದ್ ಎರಡು ಸಲ ಬೇಡ ಎಂದ. ಮೂರನೇ ಸಲಕ್ಕೆ ಅವಳು ಕಾಗದವನ್ನು ತಾನೇ ಎಳೆದುಕೊಂಡು ಸಹಿ ಹಾಕಿದಳು. ಮನೆಗೆ ಬಂದು ಫಿರೋಜಾಳಿಗೆ ಹೇಳಿದಾಗ ಅವಳು, “ಆಯ್ತು ಬಿಡು” ಎಂದಳು. ಒಂದು ವಾರದ ಮೇಲೆ ನೀಲಿ ಕುರ್ತಾ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು.

ಜನವರಿಯ ಮೊದಲ ದಿನಗಳಲ್ಲಿ ಒಂದು ಭಾನುವಾರ ಪುಷ್ಪಮ್ಮ ಫಿರೋಜಾಳ ಮನೆಯಲ್ಲಿ ಚಾಪೆಯ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು. ಶಿವಕುಮಾರನ ಹೆಂಡತಿ ಮಧುಶ್ರೀ ಬಂದಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಕೈಚೀಲದಿಂದ ನೆಲದವರೆಗೆ ಇಳಿಯುವ ಒಂದು ಗೌನು ತೆಗೆದಳು. ಬೆಳ್ಳಗೆ, ಎದೆಯ ಮೇಲೆ ಮಿಣಮಿಣ ಹೊಳೆಯುವ ಮಣಿಗಳು.

“ಫಿರೋಜಾಂಟಿ, ಇದು ಸೊಂಟದ ಹತ್ರ ಲೂಸು. ಸ್ವಲ್ಪ ಹಿಡಿದುಕೊಡ್ತೀರಾ? ಶುಕ್ರವಾರ ಹೊರಡ್ತೀವಿ.”

ಪುಷ್ಪಮ್ಮ ತಲೆ ಎತ್ತಿದಳು. “ನಿನಗ್ಯಾಕೆ ಬಿಳಿ?”

“ಅಯ್ಯೋ, ನಿಮಗೆ ಹೇಳಿರ್ಲಿಲ್ವಾ ಪುಷ್ಪಕ್ಕ? ಎರಡನೇ ರಾತ್ರಿ ವೈಟ್ ಪಾರ್ಟಿ. ಎಲ್ಲರೂ ಬಿಳೀನೇ ಹಾಕ್ಕೋಬೇಕು. ನಮ್ಮವರಿಗೂ ಬಿಳಿ ಪ್ಯಾಂಟು, ಬಿಳಿ ಶರ್ಟು. ನಮ್ಮವರನ್ನ ನೋಡಿದ್ರೆ ಆಸ್ಪತ್ರೆ ಕಾಂಪೌಂಡರ್ ಥರ ಕಾಣ್ತಾರೆ. ಕಂಪನಿ ದೊಡ್ಡ ಸಾಹೇಬರಿಂದ ಹಿಡಿದು ಚಿಕ್ಕ ಮಕ್ಕಳವರೆಗೂ ಎಲ್ಲಾ ಬಿಳಿ. ತಡೀರಿ, ಹೋದ ವರ್ಷದ್ದು ತೋರಿಸ್ತೀನಿ.”

ಫೋನನ್ನು ಪುಷ್ಪಮ್ಮನ ಮುಖದ ಹತ್ತಿರ ಹಿಡಿದಳು. ಹಡಗಿನ ಮೇಲ್ಗಡೆ ಮುನ್ನೂರು ಜನ ಇರಬೇಕು. ಗಂಡಸರು, ಹೆಂಗಸರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು. ಕುಂಕುಮ ಇಟ್ಟು, ತಾಳಿ ಕಾಣುವಂತೆ ಬಿಳಿ ಸೀರೆ ಉಟ್ಟ ಒಬ್ಬ ಹೆಂಗಸು ಗಂಡನ ತೋಳು ಹಿಡಿದು ನಗುತ್ತಿದ್ದಳು. ಪುಷ್ಪಮ್ಮ ಒಂದೊಂದು ಮುಖವನ್ನೂ ಬೆರಳಿಟ್ಟು ನೋಡಿದಳು. ಎಲ್ಲಾದರೂ ಒಂದು ಕೆಂಪು, ಒಂದು ಹಸಿರು ಇದೆಯೇ ಎಂದು ಹುಡುಕಿದಳು. ಬೆರಳಿಗೆ ಫೋನಿನ ಪರದೆ ಸರಿಯಾಗಿ ಸರಿಯುತ್ತಿರಲಿಲ್ಲ. ಮಧುಶ್ರೀಯೇ ಸರಿಸಿಕೊಟ್ಟಳು.

ಎಲ್ಲಿಯೂ ಇರಲಿಲ್ಲ.

ಫಿರೋಜಾಳ ಮಿಷನ್ ನಿಂತಿತ್ತು. ಅವಳು ಗೌನಿನ ಸೊಂಟಕ್ಕೆ ಪಿನ್ನು ಚುಚ್ಚಿ ಗುರುತು ಮಾಡಿದಳು. ಮಧುಶ್ರೀ ಹೋದಳು. ಪುಷ್ಪಮ್ಮ ಹಿಡಿದಿದ್ದ ಬ್ಲೌಸಿಗೆ ಉಳಿದ ಮೂರು ಹುಕ್ಕನ್ನೂ ಹಾಕಿ ಮುಗಿಸಿದಳು.

“ಒಂದು ಮಾತು ಕೇಳು ಅಂದೆ ನಾನು” ಎಂದಳು ಫಿರೋಜಾ. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ಅದನ್ನು ಮತ್ತೆಂದೂ ಹೇಳಲಿಲ್ಲ.

ಪುಷ್ಪಮ್ಮ ಹೊರಗೆ ಬಂದು ಜಮ್ಶೀದನಿಗೆ ಫೋನು ಮಾಡಿದಳು. ಹೆಸರು ವಾಪಸು ಹಾಕಲು ಆಗುತ್ತದೆಯೇ ಎಂದು ಕೇಳಿದಳು.

“ಈಗ ಎಲ್ಲಿ ಅಕ್ಕ? ಲಿಸ್ಟು ಬಂದರಿನವರಿಗೆ ಹೋಗಿ ಆಯ್ತು. ಶಿವು ಬಿಟ್ಟುಕೊಟ್ರೂ ಆ ರೂಮು ಖಾಲಿ ಹೋಗುತ್ತೆ ಹೊರತು ನಿಮಗೆ ಬರಲ್ಲ. ಯಾಕೆ, ನೀರಿನ ಹೆದರಿಕೆ ಹೋಯ್ತಾ?”

ಅವಳು ಇದ್ದದ್ದನ್ನು ಹೇಳಿದಳು. ಹುಡುಗಿ ಏನು ಕೇಳಿದಳು, ತಾನು ಏನು ಹೇಳಿದೆ, ಏನೆಂದು ತಿಳಿದೆ, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ಅಂಗಡಿಯಲ್ಲಿ ಬಣ್ಣ ಕಲಸುತ್ತಿದ್ದ ಯಂತ್ರವನ್ನು ಜಮ್ಶೀದ್ ನಿಲ್ಲಿಸಿದ್ದು ಕೇಳಿಸಿತು.

“ಯಾ ಅಲ್ಲಾ” ಎಂದ. “ಅಕ್ಕ, ಅವತ್ತು ನಾನು ಎಲ್ಲರಿಗೂ ಬಿಳಿ ಅನ್ನೋದು ನಿಮಗೆ ಗೊತ್ತಿದೆ ಅಂದ್ಕೊಂಡು ಹೇಳಿದ್ದು. ನಾನು ನಿಮಗೆ ಹಾಗೆ ಹೇಳ್ತೀನಾ?”

“ಹೇಳಲ್ಲ. ಅವತ್ತು ನಂಗೆ ಅದು ತಿಳೀಲಿಲ್ಲ.”

“ಶಿವು ಹತ್ರ ಮಾತಾಡ್ಲಾ?”

“ಬೇಡ. ಅವರಿಗೆ ಇದು ಗೊತ್ತಾಗೋದೇ ಬೇಡ.”

ಗುರುವಾರ ಸಂಜೆ ಅವಳು ಶಿವಕುಮಾರನ ಮನೆಗೆ ಹೋದಳು. ದಾರಿಗೆಂದು ಚಕ್ಕುಲಿ ಮಾಡಿಕೊಂಡು ಹೋಗಿದ್ದಳು. ಮಧುಶ್ರೀ ಸೂಟ್‌ಕೇಸಿನ ಮೇಲೆ ಕೂತು ಜಿಪ್ಪು ಎಳೆಯುತ್ತಿದ್ದಳು.

“ಒಂದು ಕೆಲಸ ಮಾಡು ಮಧು. ನಿಮ್ಮ ರೂಮಿಗೆ ಬಾಲ್ಕನಿ ಇರುತ್ತೆ. ಅದರ ಬಾಗಿಲು ತೆಗೆದು ಸ್ವಲ್ಪ ಹೊತ್ತು ನಿಂತ್ಕೋ. ಬಂದು ಹೇಗಿತ್ತು ಅಂತ ನಂಗೆ ಹೇಳು.”

“ಹೇಳೋದೇನು ಅಕ್ಕ, ವಿಡಿಯೋನೇ ಮಾಡ್ಕೊಂಡು ಬರ್ತೀನಿ.”

ಒಳಗಿನಿಂದ ಶಿವಕುಮಾರ್ ಬಂದು ಪುಷ್ಪಮ್ಮನ ಕಾಲು ಮುಟ್ಟಿದ. ಅವನು ಏನೋ ಹೇಳಬೇಕೆಂದು ನಿಂತ. ಅವಳು ಹೊರಟುಬಿಟ್ಟಳು.

ಅವರು ಹಡಗಿನಲ್ಲಿದ್ದ ದಿನಗಳಲ್ಲಿ ದ್ಯಾಮಮ್ಮ ಒಂದು ಸಲ ಬಂದಳು. ಹನ್ನೊಂದನೇ ದಿನದ ಮೇಲೆ ಅದೇ ಮೊದಲು. ಅವರೆಕಾಯಿ ತಂದಿದ್ದಳು. ಸುಲಿಯುತ್ತಾ ಕೂತಾಗ ಪುಷ್ಪಮ್ಮ ಹಡಗಿನ ಕಥೆಯನ್ನೆಲ್ಲ ಅವಳಿಗೇ ಹೇಳಿದಳು. ಬೇರೆ ಯಾರಿಗೂ ಹೇಳಬಾರದೆಂದುಕೊಂಡದ್ದನ್ನು ಇವಳಿಗೆ ಯಾಕೆ ಹೇಳಿದೆ ಎಂದು ಅವಳಿಗೂ ತಿಳಿಯಲಿಲ್ಲ. ದ್ಯಾಮಮ್ಮ ಕಾಳುಗಳನ್ನು ಬಟ್ಟಲಿಗೆ ಹಾಕುತ್ತಾ ಕೇಳಿಸಿಕೊಂಡಳು.

“ಎಲ್ಲರೂ ಬಿಳೀನಾ? ಮುತ್ತೈದೆಯರೂ?”

“ಎಲ್ಲರೂ.”

“ಆಸೆಪಟ್ಟು ಉಟ್ಕೊಳ್ತಾರಾ?”

“ನಗ್ತಾ ಇದ್ರು ಫೋಟೋದಲ್ಲಿ.”

ದ್ಯಾಮಮ್ಮ ತನ್ನ ಸೆರಗನ್ನು ಒಮ್ಮೆ ನೋಡಿಕೊಂಡಳು. ತೊಳೆದು ತೊಳೆದು ಅದು ಹಳೆ ಗೋಡೆಯ ಬಣ್ಣಕ್ಕೆ ತಿರುಗಿತ್ತು. “ಮಾರನೇ ದಿನ ಬಿಚ್ಚಿಡ್ತಾರಲ್ಲ, ಅದಕ್ಕೆ ನಗು ಬರುತ್ತೆ” ಎಂದಳು. ಅವರೆಕಾಯಿ ಮುಗಿಯುವವರೆಗೆ ಇದ್ದು, ನೀರು ಕುಡಿದು ಹೋದಳು.

ಮುಂದಿನ ಬುಧವಾರ ಮಧುಶ್ರೀ ಮತ್ತು ಶಿವಕುಮಾರ್ ಬಂದರು. ಪುಷ್ಪಮ್ಮ ಆಗಷ್ಟೇ ಕೆಲಸದಿಂದ ಬಂದು ತಲೆಯ ಧೂಳು ಕೊಡವುತ್ತಿದ್ದಳು. ಮಧುಶ್ರೀ ಗೋವಾದ ಗೋಡಂಬಿಯ ಪೊಟ್ಟಣ ಕೊಟ್ಟು, ಬಾಗಿಲ ಹತ್ತಿರವೇ ಫೋಟೋ ತೋರಿಸತೊಡಗಿದಳು. ಗಾಜಿನ ಲಿಫ್ಟು. ಕಲ್ಲಂಗಡಿ ಹಣ್ಣಿನಲ್ಲಿ ಕೆತ್ತಿದ ನವಿಲು. ಊಟದ ಹಾಲ್. ಬಿಳಿ ಅಂಗಿಯ ಶಿವಕುಮಾರ್ ಯಾವುದೋ ಸಾಹೇಬರ ಕೈ ಕುಲುಕುತ್ತಿದ್ದದ್ದು. ಆ ಹಾಲ್‌ನ ಬಾಗಿಲಲ್ಲಿ ಒಬ್ಬ ದಾವಣಗೆರೆಯ ಮೇಸ್ತ್ರಿಯನ್ನು ಕೆನೆಬಣ್ಣದ ಜುಬ್ಬಾ ಹಾಕಿದ್ದಕ್ಕೆ ನಿಲ್ಲಿಸಿದ್ದು, ಅವನು ಇದು ಬಿಳಿಯೇ ಎಂದು ಬಣ್ಣದ ನಂಬರ್ ಹೇಳಿ ವಾದ ಮಾಡಿದ್ದು. ಪುಷ್ಪಮ್ಮ ಎಲ್ಲವನ್ನೂ ನೋಡಿದಳು, ಎಲ್ಲದಕ್ಕೂ ಹೂಂ ಎಂದಳು. ಬಾಲ್ಕನಿ ಬರಲಿಲ್ಲ.

“ಬಾಲ್ಕನಿದು?” ಎಂದು ಕೇಳಿದಳು.

“ಅಯ್ಯೋ ಅದನ್ನ ಕೇಳ್ಬೇಡಿ ಪುಷ್ಪಕ್ಕ. ಹಡಗು ಬಿಟ್ಟು ಒಂದು ಗಂಟೆಗೇ ನಂಗೆ ವಾಂತಿ. ಹೊರಗಡೆ ನೀರು ಕಂಡ್ರೆ ಸಾಕು, ತಲೆ ಗಿರ್ರ್ ಅನ್ನೋದು. ಒಳಗೆ ಲೈಟು ಹಾಕ್ಕೊಂಡು ಕೂತ್ರೆ ಏನೂ ಇಲ್ಲ. ಅದಕ್ಕೆ ಇವರು ಮೊದಲನೇ ದಿನವೇ ಪರದೆ ಎಳೆದುಬಿಟ್ರು. ಇಳಿಯೋವರೆಗೂ ಬಾಗಿಲು ತೆಗೀಲೇ ಇಲ್ಲ. ಅಷ್ಟೊಂದು ದೊಡ್ಡ ರೂಮು ಯಾಕೆ ಬೇಕಿತ್ತು ಹೇಳಿ? ನಮಗೆ ಒಳಗಿನ ರೂಮೇ ಸಾಕಿತ್ತು.”

ಶಿವಕುಮಾರ್ ಹೊಸ್ತಿಲ ಆಚೆ ನಿಂತಿದ್ದ. ಆ ಮೂರು ಮಹಡಿಯ ಗೋಡೆ ಮುಗಿಸಿದವನು ಅವನು. “ಮಧು, ಸಾಕು. ನಡಿ” ಎಂದ. ತಲೆ ಎತ್ತಲಿಲ್ಲ.

“ಇರಲಿ ಬಿಡು, ಅವಳಿಗೆ ಆಗ್ಲಿಲ್ಲ, ಏನು ಮಾಡೋಕಾಗುತ್ತೆ” ಎಂದಳು ಪುಷ್ಪಮ್ಮ. ಕುಂಕುಮದ ಬಟ್ಟಲನ್ನು ಮಧುಶ್ರೀಯ ಮುಂದೆ ಹಿಡಿದಳು. ತಾನು ಇಡುವ ಹಾಗಿಲ್ಲವೆಂದು ಬಟ್ಟಲನ್ನಷ್ಟೇ ಹಿಡಿದಳು. ಮಧುಶ್ರೀ ತಾನೇ ಹಚ್ಚಿಕೊಂಡಳು.

ಅವರು ಹೋದ ಮೇಲೆ ಪುಷ್ಪಮ್ಮ ಗೋಡಂಬಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಫಿರೋಜಾಳ ಮನೆಗೆ ಕೊಂಡೊಯ್ದಳು. ಫಿರೋಜಾ ಮಿಷನ್ ತುಳಿಯುತ್ತಲೇ ಕಣ್ಣಿನಿಂದ ಏನು ಎಂದು ಕೇಳಿದಳು.

“ತೆಗೀಲೇ ಇಲ್ವಂತೆ” ಎಂದಳು ಪುಷ್ಪಮ್ಮ.

“ಏನು?”

“ಬಾಗಿಲು.”

ಫಿರೋಜಾಳ ಕಾಲು ನಿಂತಿತು. ಪುಷ್ಪಮ್ಮ ಚಾಪೆ ಹಾಸಿಕೊಂಡು ಕೂತು, ಹುಕ್ಕು ಹಾಕಬೇಕಾಗಿದ್ದ ಬ್ಲೌಸುಗಳನ್ನು ಹತ್ತಿರ ಎಳೆದುಕೊಂಡಳು.